ಜುಲೈಯಲ್ಲಿ ಅಂಜಲ್ ಕೇಳಬೇಡಿ

ಪ್ರಶ್ನೆ: ಕಳೆದ ಜುಲೈಯಲ್ಲಿ ಬೆಂಗಳೂರಿನ ಒಂದು ಕರಾವಳಿ ಹೋಟೆಲಿನಲ್ಲಿ ತಿಂದ ಅಂಜಲ್ ಮೀನಿನ ತವಾ ಫ್ರೈ ಒಣಕಲಾಗಿತ್ತು. ಊರಿನ ರುಚಿ ಯಾಕೆ ಬರಲಿಲ್ಲ?
– ಓದುಗರೊಬ್ಬರು, ಜಯನಗರ

ಉತ್ತರ: ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ, ಮೀನು ಮೊಟ್ಟೆಯಿಡುವ ಕಾಲ. ನಾಡದೋಣಿಯವರು ತರುವುದು ಊರಿಗೇ ಸಾಲದು. ನಿಮ್ಮ ತಟ್ಟೆಗೆ ಬಂದದ್ದು ಬಹುಶಃ ಬಹಳ ದಿನ ಐಸಿನಲ್ಲಿದ್ದ ತುಂಡು. ಮಲ್ಪೆಯಲ್ಲಿ ಹುಟ್ಟಿದ ನಾನು ಆ ಎರಡು ತಿಂಗಳು ನೀರ್‌ದೋಸೆ, ಕೋಳಿ ಗಸಿ, ಒಣ ಸಿಗಡಿ ಚಟ್ನಿಯಲ್ಲೇ ಖುಷಿಯಾಗಿರುತ್ತೇನೆ. ಸೆಪ್ಟೆಂಬರಿನಲ್ಲಿ ಹೋಗಿ ಬಂಗುಡೆ ಪುಳಿಮುಂಚಿ (ಹುಳಿ-ಖಾರದ ಮೀನಿನ ಪದಾರ್ಥ) ಕೇಳಿ. ಮುಳ್ಳಿನ ಪಕ್ಕ ಬೆರಳಿನಿಂದ ಬಿಡಿಸಿ ನೋಡಿ: ತಾಜಾ ಮೀನು ಎಸಳೆಸಳಾಗಿ ಬರುತ್ತದೆ, ಹಳತು ಹಿಟ್ಟಿನಂತೆ ಉದುರುತ್ತದೆ.