ಪದವಿಯ ಬೆನ್ನಿಗೇ ಎಂ.ಬಿ.ಎ. ಸೇರಬೇಕೇ?

ಪ್ರಶ್ನೆ: ನಾನು ವಿಜಯಪುರದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ತಿಕೋಟಾ ಹತ್ತಿರ ನಮಗೆ ಆರು ಎಕರೆ ದ್ರಾಕ್ಷಿ ತೋಟವಿದೆ. ಹಣ್ಣನ್ನೆಲ್ಲ ಒಣದ್ರಾಕ್ಷಿ ಮಾಡಿ ಮಾರುತ್ತೇವೆ. ಪದವಿ ಮುಗಿದ ಕೂಡಲೇ ಎಂ.ಬಿ.ಎ. ಸೇರು, ಬೆಂಗಳೂರಿನ ಕಾಲೇಜೊಂದರಲ್ಲಿ ಸೀಟು ಕೊಡಿಸುತ್ತೇನೆ, ವಸತಿಯೂ ಸೇರಿ ಎರಡು ವರ್ಷಕ್ಕೆ ಒಂಬತ್ತು ಲಕ್ಷ ಆಗುತ್ತದೆ ಎಂದು ನನ್ನ ಸೋದರಮಾವ ಹೇಳುತ್ತಿದ್ದಾರೆ. ಅಪ್ಪ ಆರು ಲಕ್ಷ ಸಾಲ ಮಾಡಿಯಾದರೂ ಓದಿಸಲು ಸಿದ್ಧರಿದ್ದಾರೆ. ಒಮ್ಮೆ ಕೆಲಸಕ್ಕೆ ಹೋದರೆ ಓದು ಅಲ್ಲಿಗೇ ನಿಂತು ಹೋಗುತ್ತದೆ, ಆಮೇಲೆ ಮದುವೆಯ ಮಾತು ಬರುತ್ತದೆ ಎಂಬುದು ಅವ್ವನ ಚಿಂತೆ. ಮುಂದೆ ನಮ್ಮದೇ ಹೆಸರಿನಲ್ಲಿ ಒಣದ್ರಾಕ್ಷಿ ಮಾರಬೇಕೆಂಬ ಆಸೆ ನನಗಿದೆ. ಏನು ಮಾಡಲಿ?
— ಹೆಸರು ಬೇಡ, ತಿಕೋಟಾ

ಉತ್ತರ: ಆ ಸೀಟನ್ನು ಈ ವರ್ಷ ತೆಗೆದುಕೊಳ್ಳಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಎಂ.ಬಿ.ಎ. ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ನಿಮಗೆ ಅದು ಒಂದೆರಡು ವರ್ಷ ಕೆಲಸ ಮಾಡಿದ ಮೇಲೆ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ಹೇಳುತ್ತಿದ್ದೇನೆ, ಮತ್ತು ಹಾಗೆ ಹೇಳುವುದಕ್ಕೆ ನಿಮ್ಮ ಪತ್ರದಲ್ಲೇ ಕಾರಣಗಳಿವೆ.

ಮೊದಲು ಹಣದ ವಿಷಯ. ಆರು ಲಕ್ಷ ರೂಪಾಯಿ ಶಿಕ್ಷಣ ಸಾಲವನ್ನು ಶೇಕಡಾ 10.5ರ ಬಡ್ಡಿಗೆ, ಎರಡು ವರ್ಷಗಳಲ್ಲಿ ಮೂರು ಮೂರು ಲಕ್ಷದಂತೆ ಪಡೆದಿರಿ ಎಂದು ಇಟ್ಟುಕೊಳ್ಳೋಣ. ಸಾಮಾನ್ಯವಾಗಿ ಓದಿನ ಅವಧಿಯಲ್ಲಿ ಮತ್ತು ಅದು ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಮಾತ್ರ ಬೆಳೆಯುತ್ತಲೇ ಇರುತ್ತದೆ. ಸರಳ ಬಡ್ಡಿ ಹಿಡಿದರೂ ಆ ಮೂರು ವರ್ಷಗಳಲ್ಲಿ ಅದು ಸುಮಾರು 1 ಲಕ್ಷ 57 ಸಾವಿರ ಆಗುತ್ತದೆ. ಅದನ್ನು ಅಸಲಿಗೆ ಸೇರಿಸಿ ಏಳು ವರ್ಷಗಳ ಕಂತು ಮಾಡಿದರೆ ತಿಂಗಳಿಗೆ ಸುಮಾರು 12,800 ರೂಪಾಯಿ ಬರುತ್ತದೆ. ಎರಡು ವರ್ಷ ತಿಂಗಳಿಗೆ 15,000 ರೂಪಾಯಿಯ ಕೆಲಸವನ್ನು ಬಿಟ್ಟಿರಿ ಎಂದು ಹಿಡಿದರೆ, ಕೈಗೆ ಬರದೆ ಹೋದ 3 ಲಕ್ಷ 60 ಸಾವಿರವನ್ನೂ ಖರ್ಚಿನ ಕಡೆಗೇ ಬರೆಯಬೇಕು. ನಿಮ್ಮ ಮಾವನವರು ಹೇಳಿದ ಒಂಬತ್ತು ಲಕ್ಷದಲ್ಲಿ ಈ ಎರಡೂ ಸೇರಿಲ್ಲ. ಓದು ಮುಗಿಸಿ ಬೆಂಗಳೂರಿನಲ್ಲಿ 25,000 ರೂಪಾಯಿಯ ಕೆಲಸ ಸಿಕ್ಕಿದರೆ, ಕೋಣೆ ಬಾಡಿಗೆ, ಊಟ ಮತ್ತು ಕಂತು ಕಳೆದು ನಿಮ್ಮಲ್ಲಿ ಏನೂ ಉಳಿಯುವುದಿಲ್ಲ. ಒಂದು ವರ್ಷ ಅಕಾಲಿಕ ಮಳೆ ಬಂದು ತೋಟ ಕೈಕೊಟ್ಟರೆ ಆ ಕಂತಿನ ಭಾರ ಅಪ್ಪನ ಮೇಲೆಯೇ ಬೀಳುತ್ತದೆ.

ಹಾಗಾದರೆ ಆ ಕಾಲೇಜಿನಿಂದ ಎಷ್ಟು ಸಂಬಳದ ಕೆಲಸ ಸಿಗುತ್ತದೆ? ಇದನ್ನು ಕಾಲೇಜಿನ ಫಲಕದಲ್ಲಿರುವ ಅತಿ ಹೆಚ್ಚಿನ ಪ್ಯಾಕೇಜ್ ನೋಡಿ ತೀರ್ಮಾನಿಸಬೇಡಿ, ಏಕೆಂದರೆ ಅದು ಒಬ್ಬ ವಿದ್ಯಾರ್ಥಿಯ ಸಂಬಳ. ಎಲ್ಲರ ಸಂಬಳವನ್ನು ಏರಿಕೆಯ ಕ್ರಮದಲ್ಲಿ ಬರೆದಾಗ ನಟ್ಟನಡುವೆ ಬರುವ ಮೊತ್ತವನ್ನು, ಅಂದರೆ ಮಧ್ಯಾಂಕವನ್ನು ಕೇಳಿ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್.ಐ.ಆರ್.ಎಫ್. ಶ್ರೇಯಾಂಕದಲ್ಲಿ ಭಾಗವಹಿಸುವ ಸಂಸ್ಥೆಗಳು ಎಷ್ಟು ವಿದ್ಯಾರ್ಥಿಗಳು ತೇರ್ಗಡೆಯಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯಾಂಕ ಎಷ್ಟು ಎಂಬ ಮಾಹಿತಿಯನ್ನು ಸಲ್ಲಿಸುತ್ತವೆ ಮತ್ತು ಅದನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸುತ್ತವೆ. ಮಾವನವರು ಹೇಳಿದ ಕಾಲೇಜಿನ ಜಾಲತಾಣದಲ್ಲಿ ಆ ಪುಟ ಇದೆಯೇ ಎಂದು ನೋಡಿ. ಇಲ್ಲವಾದರೆ, ಕಳೆದ ವರ್ಷ ಅಲ್ಲಿಂದ ಹೊರಬಂದ ನಾಲ್ಕೈದು ವಿದ್ಯಾರ್ಥಿಗಳ ಜೊತೆ ನೀವೇ ಮಾತನಾಡದೆ ಮುಂಗಡ ಹಣ ಕಟ್ಟಬೇಡಿ.

ಈಗ ನಿಮ್ಮ ಆಸೆಯ ವಿಷಯಕ್ಕೆ ಬರುತ್ತೇನೆ. ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ. ನಾಲ್ಕು ಕಿಲೋ ಹಸಿ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ ಬರುತ್ತದೆ ಎಂಬುದು ನಿಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಣ್ಣನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಹರವಿ, ಬಣ್ಣ ಕೆಡದಂತೆ ಒಣಗಿಸುವ ಕೆಲಸವೂ ನಿಮಗೆ ತಿಳಿದದ್ದೇ. ಆದರೆ ಆ ಮಾಲು ಶೆಡ್ಡಿನಿಂದ ಹೊರಟ ಮೇಲೆ ಏನಾಗುತ್ತದೆ? ನಮ್ಮ ಜಿಲ್ಲೆಯ ಬಹಳಷ್ಟು ಬೆಳೆಗಾರರು ಮಾಲನ್ನು ಮಹಾರಾಷ್ಟ್ರದ ತಾಸಗಾಂವ, ಸಾಂಗ್ಲಿ ಪೇಟೆಗಳಿಗೆ ಒಯ್ಯುತ್ತಾರೆ. ಅಲ್ಲಿ ಕಾಳಿನ ಗಾತ್ರ ಮತ್ತು ಬಣ್ಣ ನೋಡಿ ದರ ಕಟ್ಟುತ್ತಾರೆ. ಸಾಗಣೆ, ಹಮಾಲಿ, ದಲಾಲಿ, ಶೀತಲಗೃಹದ ಬಾಡಿಗೆ ಎಲ್ಲ ಕಳೆದು ರೈತನ ಕೈಗೆ ಕಿಲೋಗೆ ಎಷ್ಟು ಉಳಿಯಿತು, ಅಂಗಡಿಯಲ್ಲಿ ಪೊಟ್ಟಣದ ಮೇಲೆ ಎಷ್ಟು ಬೆಲೆ ಇದೆ, ನಡುವಿನ ಅಂತರವನ್ನು ಯಾರು ಯಾವ ಕೆಲಸಕ್ಕಾಗಿ ಪಡೆದರು ಎಂದು ನೀವು ಒಂದು ಹಂಗಾಮು ಬರೆದಿಟ್ಟರೆ, ಮುಂದೆ ಎಂ.ಬಿ.ಎ. ತರಗತಿಯಲ್ಲಿ ಮಾರುಕಟ್ಟೆ, ಹಣಕಾಸು, ಸರಬರಾಜು ನಿರ್ವಹಣೆ ಎಂದು ಬೇರೆ ಬೇರೆಯಾಗಿ ಕಲಿಸುವ ವಿಷಯಗಳೆಲ್ಲ ನಿಮ್ಮ ವಹಿಯಲ್ಲಿ ಆಗಲೇ ಒಟ್ಟಿಗೆ ಇರುತ್ತವೆ. ಆ ಲೆಕ್ಕ ಕೈಯಲ್ಲಿದ್ದವರು ತರಗತಿಯಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಪದವಿ ಮುಗಿಸಿ ನೇರವಾಗಿ ಬಂದವರಿಗೆ ಅದೇ ಪಾಠ ಪರೀಕ್ಷೆಗೆ ಬರೆಯುವ ಉತ್ತರವಾಗಿಬಿಡುತ್ತದೆ.

ಆದ್ದರಿಂದ ಒಂದೂವರೆ, ಎರಡು ವರ್ಷ ಕೆಲಸ ಮಾಡಿ. ವಿಜಯಪುರದಲ್ಲೇ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಸೇರಿದರೆ ಜಿ.ಎಸ್.ಟಿ. ರಿಟರ್ನ್, ಬ್ಯಾಂಕಿನವರು ಕೇಳುವ ಯೋಜನಾ ವರದಿ, ದುಡಿಯುವ ಬಂಡವಾಳದ ಲೆಕ್ಕ ಇವೆಲ್ಲ ಕೈಗೆ ಹತ್ತುತ್ತವೆ. ಶೀತಲಗೃಹದ ಅಥವಾ ಆಹಾರ ಪದಾರ್ಥ ಮಾರುವ ಕಂಪನಿಯ ಕೆಲಸ ಸಿಕ್ಕರೆ ಇನ್ನೂ ಒಳ್ಳೆಯದು, ಸಂಬಳ ಎರಡು ಸಾವಿರ ಕಡಿಮೆಯಾದರೂ ಚಿಂತೆಯಿಲ್ಲ. ಜೊತೆಗೆ, ಮನೆಯ ಮಾಲಿನಲ್ಲಿ ಒಂದು ಕ್ವಿಂಟಲ್ ಮಾತ್ರ ಬೇರೆ ತೆಗೆದು, ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿ, ಅರ್ಧ ಕಿಲೋ ಪೊಟ್ಟಣ ಮಾಡಿ ಮಾರಿ ನೋಡಿ. ಅದು ಮಾರಾಟವಾಗಲಿ, ಉಳಿಯಲಿ, ನಿಮಗೆ ಎಂ.ಬಿ.ಎ. ಬೇಕೋ ಬೇಡವೋ ಎಂಬುದಕ್ಕೆ ನನ್ನ ಉತ್ತರಕ್ಕಿಂತ ಗಟ್ಟಿಯಾದ ಉತ್ತರ ಅಲ್ಲಿ ಸಿಗುತ್ತದೆ. ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆಂದು 2020ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪಿ.ಎಂ.ಎಫ್.ಎಂ.ಇ. ಯೋಜನೆಯಲ್ಲಿ ಯೋಜನಾ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷದವರೆಗೆ, ಸಾಲಕ್ಕೆ ಜೋಡಿಸಿದ ಸಹಾಯಧನ ನೀಡುವ ನಿಯಮವಿದೆ. ಸದ್ಯದ ಷರತ್ತುಗಳನ್ನು ಕೃಷಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಒಂಬತ್ತು ಲಕ್ಷವನ್ನು ಶುಲ್ಕಕ್ಕೆ ಕೊಡುವ ಮೊದಲು, ಅದೇ ಹಣಕ್ಕೆ ವಿಂಗಡಣೆ ಮತ್ತು ಪ್ಯಾಕಿಂಗ್ ಘಟಕ ಎಷ್ಟು ದೊಡ್ಡದಾಗುತ್ತದೆ ಎಂದು ಅಪ್ಪನ ಜೊತೆ ಕುಳಿತು ಮಾತನಾಡಿ.

ಅವ್ವನ ಚಿಂತೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೆಲಸಕ್ಕೆ ಹೋದ ಮೇಲೆ ಓದು ನಿಂತುಹೋದ ಹೆಣ್ಣುಮಕ್ಕಳು ನಮ್ಮ ಭಾಗದಲ್ಲಿ ಅನೇಕರಿದ್ದಾರೆ. ಅದಕ್ಕೇ ಪ್ರವೇಶ ಪರೀಕ್ಷೆಯ ವರ್ಷವನ್ನು ಈಗಲೇ ನಿಶ್ಚಯಿಸಿ, ಮನೆಯವರೆಲ್ಲರ ಎದುರು ಹೇಳಿಬಿಡಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿ.ಜಿ.ಸಿ.ಇ.ಟಿ.ಗೆ ಪದವಿಯಲ್ಲಿ ಶೇಕಡಾ 50 ಅಂಕ ಸಾಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇಕಡಾ 45. ಅದರ ಶ್ರೇಯಾಂಕದಿಂದ ಸಿಗುವ ಸರ್ಕಾರಿ ಕೋಟಾದ ಸೀಟಿಗೂ ಕಾಲೇಜಿನವರು ತಾವೇ ತುಂಬಿಕೊಳ್ಳುವ ಸೀಟಿಗೂ ಶುಲ್ಕದಲ್ಲಿ ಬಹಳ ಅಂತರವಿರುತ್ತದೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಸಂಸ್ಥೆಯಲ್ಲೂ ಎಂ.ಬಿ.ಎ. ಇದೆ. ಬೆಂಗಳೂರಿಗೇ ಹೋಗಬೇಕೆಂದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ನನ್ನ ಸಲಹೆ ಬದಲಾಗುತ್ತದೆ. ಕ್ಯಾಟ್ ಪರೀಕ್ಷೆಯಲ್ಲಿ ಉತ್ತಮ ಅಂಕ ಬಂದು ಐ.ಐ.ಎಂ.ನಂಥ ಸಂಸ್ಥೆ ಕರೆದರೆ ಕಾಯಬೇಡಿ, ಹೋಗಿ. ಬೆಂಗಳೂರಿನ ಐ.ಐ.ಎಂ.ನಲ್ಲಿ ಎರಡು ವರ್ಷದ ಶುಲ್ಕ 20 ಲಕ್ಷವನ್ನು ದಾಟಿದ್ದರೂ ಅಲ್ಲಿ ಸಿಗುವ ಕೆಲಸಗಳಿಂದ ಆ ಸಾಲ ತೀರುತ್ತದೆ. 2024ರಲ್ಲಿ ಒಪ್ಪಿಗೆ ಪಡೆದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಸರ್ಕಾರದ ಪಟ್ಟಿಯಲ್ಲಿರುವ ಇಂಥ ಸಂಸ್ಥೆಗಳಿಗೆ ಸೇರುವವರಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಅಲ್ಲದೆ ವರ್ಷಕ್ಕೆ 8 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ 10 ಲಕ್ಷದವರೆಗಿನ ಸಾಲದ ಮೇಲೆ, ಕಂತು ಶುರುವಾಗುವ ಮುಂಚಿನ ಅವಧಿಗೆ, ಶೇಕಡಾ 3ರ ಬಡ್ಡಿ ರಿಯಾಯಿತಿಗೂ ಅವಕಾಶವಿದೆ.

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ನಾಲ್ಕು ವರ್ಷದಿಂದ ಎಂಜಿನಿಯರ್ ಆಗಿದ್ದೇನೆ. ಕೆಲಸ ಬಿಡದೆ ಆನ್‌ಲೈನ್ ಎಂ.ಬಿ.ಎ. ಮಾಡಿದರೆ ಬೆಲೆ ಇದೆಯೇ?
— ಓದುಗ, ಬೆಳಗಾವಿ

ಉತ್ತರ: ಈಗಿರುವ ಕಂಪನಿಯಲ್ಲೇ ಮೇಲಿನ ಹುದ್ದೆಗೆ ಪದವಿ ಅಡ್ಡಿಯಾಗಿದ್ದರೆ ಬೆಲೆ ಇದೆ. ಯು.ಜಿ.ಸಿ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿಯನ್ನು ತರಗತಿಯ ಪದವಿಗೆ ಸಮಾನವೆಂದೇ ನಿಯಮ ಹೇಳುತ್ತದೆ. ಆದರೆ ಆ ವಿಶ್ವವಿದ್ಯಾಲಯಕ್ಕೆ ನೀವು ಸೇರುವ ವರ್ಷಕ್ಕೆ ಅನುಮತಿ ಇದೆಯೇ ಎಂದು ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಯೇ ಸೇರಿ. ಫೌಂಡ್ರಿ ಬಿಟ್ಟು ಬೇರೆ ಕ್ಷೇತ್ರಕ್ಕೆ ಹೋಗುವ ಉದ್ದೇಶವಿದ್ದರೆ ಆನ್‌ಲೈನ್ ಪದವಿಯಿಂದ ಅದು ಕಷ್ಟ, ಏಕೆಂದರೆ ಕ್ಷೇತ್ರ ಬದಲಾಯಿಸುವವರಿಗೆ ಬೇಕಾದ ಇಂಟರ್ನ್‌ಶಿಪ್ ಮತ್ತು ಕ್ಯಾಂಪಸ್ ಸಂದರ್ಶನ ಅದರಲ್ಲಿ ಸಿಗುವುದು ಅಪರೂಪ. ಬೆಂಗಳೂರಿನ ಐ.ಐ.ಎಂ.ನ ಒಂದು ವರ್ಷದ ಪೂರ್ಣಾವಧಿ ಎಂ.ಬಿ.ಎ. ಆದ ಇ.ಪಿ.ಜಿ.ಪಿ. ಕೋರ್ಸಿಗೆ ಕನಿಷ್ಠ ಐದು ವರ್ಷದ ಅನುಭವ ಕೇಳುತ್ತಾರೆ. ನಿಮಗೆ ಇನ್ನೊಂದೇ ವರ್ಷ ಬೇಕು, ಅದನ್ನು ಪ್ರವೇಶ ಪರೀಕ್ಷೆಯ ತಯಾರಿಗೆ ಬಳಸಿಕೊಳ್ಳಿ.

ಪ್ರಶ್ನೆ: ಬಾಗಲಕೋಟೆಯಲ್ಲಿ ನನ್ನ ಮಗ ಬಿ.ಬಿ.ಎ. ಮುಗಿಸಿದ್ದಾನೆ. ಪುಣೆಯ ಪಿ.ಜಿ.ಡಿ.ಎಂ. ಸೀಟಿಗೆ ಏಜೆಂಟರೊಬ್ಬರು ಐವತ್ತು ಸಾವಿರ ಮುಂಗಡ ಕೇಳುತ್ತಿದ್ದಾರೆ. ಪಿ.ಜಿ.ಡಿ.ಎಂ. ಮತ್ತು ಎಂ.ಬಿ.ಎ. ಒಂದೇ ಏನು?
— ತಾಯಿ, ನವನಗರ

ಉತ್ತರ: ವಿಶ್ವವಿದ್ಯಾಲಯ ಕೊಡುವುದು ಎಂ.ಬಿ.ಎ. ಪದವಿ. ವಿಶ್ವವಿದ್ಯಾಲಯಕ್ಕೆ ಸೇರದ ಸ್ವತಂತ್ರ ಸಂಸ್ಥೆ ಕೊಡುವುದು ಪಿ.ಜಿ.ಡಿ.ಎಂ. ಡಿಪ್ಲೊಮಾ. 2017ರ ಕಾಯ್ದೆ ಬರುವವರೆಗೆ ಐ.ಐ.ಎಂ.ಗಳು ಕೂಡ ಡಿಪ್ಲೊಮಾವನ್ನೇ ಕೊಡುತ್ತಿದ್ದವು, ಆದ್ದರಿಂದ ಡಿಪ್ಲೊಮಾ ಎಂದ ಮಾತ್ರಕ್ಕೆ ಕಡಿಮೆಯಲ್ಲ. ಆ ಸಂಸ್ಥೆಯ ಹೆಸರು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎ.ಐ.ಸಿ.ಟಿ.ಇ.) ಅನುಮೋದಿಸಿದ ಸಂಸ್ಥೆಗಳ ಪಟ್ಟಿಯಲ್ಲಿ ಇರಲೇಬೇಕು, ಅದನ್ನು ಆ ಮಂಡಳಿಯ ಜಾಲತಾಣದಲ್ಲಿ ಮಗನೇ ನೋಡಬಹುದು. ಏಜೆಂಟರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಂಸ್ಥೆಗೆ ಒಮ್ಮೆ ಮಗನನ್ನು ಕರೆದುಕೊಂಡು ಹೋಗಿ, ಶುಲ್ಕವನ್ನು ಸಂಸ್ಥೆಯ ಖಾತೆಗೇ ಕಟ್ಟಿ ರಸೀದಿ ಪಡೆಯಿರಿ. ಸೀಟು ಬೇಡವೆಂದರೆ ಹಣ ಮರಳಿಸುವ ನಿಯಮವೇನು ಎಂಬುದನ್ನು ಹಣ ಕಟ್ಟುವ ಮುಂಚೆಯೇ ಬರವಣಿಗೆಯಲ್ಲಿ ಕೇಳಿ ಪಡೆದಿಟ್ಟುಕೊಳ್ಳಿ.