ಮುಕ್ಕಾಲು ಇಂಚಿನ ಯುಪಿವಿಸಿ ಎಲ್ಬೋ ಸಿಪಿವಿಸಿ ಪೈಪಿಗೆ ಯಾಕ ಕೂಡಂಗಿಲ್ಲ, ಏನ್ ತಗೋಬೇಕು?

ಹೆಸರು ಎರಡಕ್ಕೂ ಮುಕ್ಕಾಲು ಇಂಚೇ, ಆದ್ರ ಹೊರಗಿನ ಅಳತಿ ಬ್ಯಾರೆ ನೋಡ್ರಿ, ಸಿಪಿವಿಸಿ (ಬಿಸಿನೀರಿಗೂ ನಡಿಯೋ ಪ್ಲಾಸ್ಟಿಕ್ ಪೈಪು) ಸುಮಾರು 22 ಮಿ.ಮೀ., ಯುಪಿವಿಸಿ (ತಣ್ಣೀರಿನ ಪ್ಲಾಸ್ಟಿಕ್ ಪೈಪು) 26.7 ಮಿ.ಮೀ., ಹಂಗಾಗಿ ಎಷ್ಟು ಗಮ್ ಬಡದ್ರೂ ಹಿಡಿಯಂಗಿಲ್ಲ. ಕೂಡಿಸಲೇಬೇಕಂದ್ರ ಒಂದ್ಕಡೆ ಎಂಟಿಎ (ಹೊರಗ ಥ್ರೆಡ್ ಇರೋ ಅಡಾಪ್ಟರ್) ಇನ್ನೊಂದ್ಕಡೆ ಎಫ್‌ಟಿಎ (ಒಳಗ ಥ್ರೆಡ್ ಇರೋದು) ಹಚ್ಚಿ, ಟೆಫ್ಲಾನ್ ಟೇಪ್ ಸುತ್ತಿ ತಿರುವ್ರಿ. ನಳ, ಗೀಸರ್ ಬರೋ ಕಡೆ ಮಾತ್ರ ಹಿತ್ತಾಳಿ ಥ್ರೆಡ್ ಇರೋದೇ ತಗೋರಿ, ತುಟ್ಟಿ ಆದ್ರೂ ಅಡ್ಡಿಯಿಲ್ಲ, ಪ್ಲಾಸ್ಟಿಕ್ ಥ್ರೆಡ್ ಬಿಗಿ ಮಾಡೋವಾಗ ಸೀಳ್ತದ, ಆಮ್ಯಾಲ ಟೈಲ್ಸ್ ಒಡಿಯೋದು ಯಾರು. ಬಿಸಿನೀರಿನ ಲೈನಿಗೆ ಯುಪಿವಿಸಿ ಬ್ಯಾಡ್ವೇ ಬ್ಯಾಡ. ಗಮ್ಮೂ ಸಿಪಿವಿಸಿಗೆ ಸಿಪಿವಿಸಿದ್ದೇ ಕೇಳ್ರಿ. ಇನ್ನ ನಮ್ ರಾಯಚೂರು ಬಿಸಲಾಗ ಮಾಳಿಗಿ ಮ್ಯಾಲಿನ ಪೈಪಿಗೆ ಬಿಳಿ ವಾಟರ್ ಪೇಂಟ್ ಒಂದ್ ಕೈ ಹೊಡೀರಿ.