ಡಾಪ್ಲರ್‌ದಾಗ ಬಡತ ಸಿಗವಲ್ದು ಅಂದವರಿಗೆ

ಅಕ್ಕಾರ, ಬಸಿರಿನ 14 ವಾರಕ್ಕ, ಆನ್‌ಲೈನ್‌ದಾಗ ತರಿಸಿದ ಡಾಪ್ಲರ್‌ದಾಗ (ಹೊಟ್ಟಿ ಮ್ಯಾಲ ಇಟ್ಟು ಕೂಸಿನ ಎದಿ ಬಡತ ಕೇಳೋ ಸಣ್ಣ ಮಷಿನ್) ಬಡತ ಸಿಗವಲ್ದು ಅಂತ ಕೇಳೀರಿ, ಅಷ್ಟಕ್ಕ ಗಾಬರಿ ಆಗಬ್ಯಾಡ್ರಿ, ಈ ಟೈಮಿಗೆ ಕೂಸು ಭಾಳ ಸಣ್ಣದಿರ್ತದ, ಮಾಸು (ಪ್ಲಾಸೆಂಟಾ) ಗರ್ಭಚೀಲದ ಮುಂದಿನ ಕಡೆಗಿದ್ರಂತೂ ಇನ್ನೂ ತ್ರಾಸ. ಇದರ ಉಲ್ಟಾನೂ ಆಗ್ತದ ನೋಡ್ರಿ, ಸಿಕ್ತು ಅಂತ ಖುಷಿ ಪಡೋದು ನಿಮ್ದೇ ನಾಡಿ ಇರ್ತದ. ಕೂಸಿಂದು ನಿಮಿಷಕ್ಕ 110ರಿಂದ 160 ಬಡತ, ಮಷಿನ್ ಸಪ್ಪಳ ಕೇಳ್ಕೋತ ಮಣಿಕಟ್ಟಿನ ನಾಡಿ ಹಿಡ್ದು ನೋಡ್ರಿ, ಎರಡೂ ಕೂಡೇ ಬಡದ್ರ ಅದು ನಿಮ್ದು.

ನನ್ನ ಕೇಳಿದ್ರ ಆ ಮಷಿನ್ ಕಪಾಟಿನ್ಯಾಗ ಇಟ್ಟುಬಿಡ್ರಿ. ನಮ್ಮ ಕಲಬುರಗಿ ಕಡೀನೂ ಸರ್ಕಾರಿ ದವಾಖಾನ್ಯಾಗ ತಿಂಗಳಾ 9ನೇ ತಾರೀಖಿಗೆ ಬಸಿರಿ ಹೆಣ್ಮಕ್ಕಳಿಗೆ ಫ್ರೀ ಚೆಕಪ್ ಇರ್ತದ, ಆಶಾ ಅಕ್ಕಗ ಕೇಳ್ರಿ. ನೆತ್ತರ ಕಂಡ್ರ, ಹೊಟ್ಟಿ ಭಾಳ ನೋವಾದ್ರ ಮಾತ್ರ ತಾರೀಖು ಕಾಯಬ್ಯಾಡ್ರಿ. ಮುಂದ ಕೂಸು ಒದೆಯೋದು ಶುರುವಾದ ಮ್ಯಾಗ ಮಿಸುಕಾಟ ಕಡಿಮಿ ಆತಂದ್ರ, ಮಷಿನ್‌ದಾಗ ಬಡತ ಕೇಳಿಸಿದ್ರೂ ಅವತ್ತೇ ದವಾಖಾನಿಗೆ ಹೋಗ್ರಿ.